ಮೊದಲು ವಿಷಯ, ಆಮೇಲೆ ಕಾಲೇಜು

ಶಿಕಾರಿಪುರ

ಪ್ರೀತಿಯ ಮಗೂ,

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನದಿಂದ ನಿಮ್ಮ ಮನೆಯಲ್ಲಿ ಒಂದೇ ಮಾತು ನಡೆಯುತ್ತಿರಬೇಕು: ಯಾವ ಕಾಲೇಜು? ಮಾವ ಶಿವಮೊಗ್ಗ ಅನ್ನುತ್ತಾರೆ. ಪಕ್ಕದ ಮನೆಯ ಹುಡುಗ ಮೂಡುಬಿದಿರೆಗೆ ಹೊರಟಿದ್ದಾನೆ. ಅಪ್ಪ ಶುಂಠಿ ದುಡ್ಡಿನ ಲೆಕ್ಕ ಹಾಕುತ್ತಿದ್ದಾರೆ. ಅಮ್ಮನಿಗೆ ನೀನು ಸಂಜೆ ಮನೆಗೆ ಬಂದು ಊಟ ಮಾಡಿದರೆ ಸಾಕು. ಇಷ್ಟೆಲ್ಲದರ ನಡುವೆ, ನೀನು ಏನು ಓದಬೇಕು ಅಂತಿದ್ದೀಯ ಎಂದು ಯಾರಾದರೂ ಕೇಳಿದರಾ? ಕೇಳದಿದ್ದರೆ ನೀನೇ ಕೇಳಿಕೋ. ಆ ಪ್ರಶ್ನೆಗೆ ಉತ್ತರ ಸಿಗುವವರೆಗೂ ಕಾಲೇಜಿನ ಹೆಸರು ಎತ್ತಬೇಡ.

ಏಕೆಂದರೆ ಪಿಯುಸಿಯಲ್ಲಿ ನೀನು ಆರಿಸುವ ನಾಲ್ಕು ಐಚ್ಛಿಕ ವಿಷಯಗಳು ಮುಂದಿನ ಹಾದಿಯನ್ನು ಅರ್ಧ ತೀರ್ಮಾನಿಸಿಬಿಡುತ್ತವೆ. ಜೀವಶಾಸ್ತ್ರ ಬಿಟ್ಟು ಕಂಪ್ಯೂಟರ್ ಹಿಡಿದರೆ ಕೃಷಿ ಪದವಿ, ಪಶುವೈದ್ಯಕೀಯ ಎರಡೂ ಕೈತಪ್ಪುತ್ತವೆ. ಗಣಿತ ಬಿಟ್ಟರೆ ಎಂಜಿನಿಯರಿಂಗ್ ಇಲ್ಲ. ಇನ್ನೂ ಮನಸ್ಸು ಗಟ್ಟಿಯಾಗಿಲ್ಲದವರಿಗೆ ಪಿಸಿಎಂಬಿ (ಭೌತ, ರಸಾಯನ, ಗಣಿತ, ಜೀವಶಾಸ್ತ್ರ) ಎರಡೂ ಬಾಗಿಲು ತೆರೆದಿಡುತ್ತದೆ, ಆದರೆ ಓದಿನ ಹೊರೆ ಹೆಚ್ಚು. ನಮ್ಮ ತಾಲ್ಲೂಕಿನ ರೈತರ ಮಕ್ಕಳು ಇದನ್ನು ಗಮನಿಸಲೇಬೇಕು. ಪಕ್ಕದ ಸಾಗರ ತಾಲ್ಲೂಕಿನ ಇರುವಕ್ಕಿಯಲ್ಲೇ ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯವಿದೆ. ಕೃಷಿ ಪದವಿಯಲ್ಲಿ ಕೃಷಿಕರ ಮಕ್ಕಳಿಗೆಂದೇ ಪ್ರತ್ಯೇಕ ಕೋಟಾ ಇದೆ. ಅದರ ಪ್ರಾಯೋಗಿಕ ಪರೀಕ್ಷೆಯಲ್ಲಿ ಬೀಜ, ಬೆಳೆ ಗುರುತಿಸುವ ಮಗುವಿಗೆ ಗದ್ದೆಯಲ್ಲಿ ಕಳೆದ ರಜೆಗಳೇ ಪಾಠ.

ವಿಜ್ಞಾನ ತೆಗೆದುಕೊಂಡವರೇ ಬುದ್ಧಿವಂತರು ಎಂಬ ಮಾತನ್ನು ನಂಬಬೇಡ. ಕಲೆ, ವಾಣಿಜ್ಯ ಓದಿದವರೂ ಐದು ವರ್ಷದ ಕಾನೂನು ಪದವಿಗೆ ಸೇರಬಹುದು, ಪದವಿ ಮುಗಿಸಿ ಕೆಎಎಸ್ ಬರೆಯಬಹುದು. ಯಂತ್ರದ ಮೇಲೆ ಕೈ ಓಡುವವರು ಮೂರು ವರ್ಷದ ಡಿಪ್ಲೊಮಾ ಮುಗಿಸಿ, ಡಿಸಿಇಟಿ ಪ್ರವೇಶ ಪರೀಕ್ಷೆ ಬರೆದು, ಎಂಜಿನಿಯರಿಂಗ್ ಎರಡನೇ ವರ್ಷಕ್ಕೆ ನೇರವಾಗಿ ಸೇರಬಹುದು.

ಈಗ ಕಾಲೇಜಿನ ವಿಚಾರ. ದೂರ ಹೋದರೇ ಓದು ಎಂಬ ಭ್ರಮೆಯೂ ಬೇಡ, ಊರು ಬಿಡಲೇಬಾರದು ಎಂಬ ಅಂಜಿಕೆಯೂ ಬೇಡ. ನಮ್ಮ ನೆಲದಲ್ಲಿ ಎರಡಕ್ಕೂ ಸಾಕ್ಷಿ ಇದೆ. ತಾಳಗುಂದದ ಪ್ರಣವೇಶ್ವರ ದೇವಾಲಯದ ಮುಂದಿನ ಕಂಬದ ಶಾಸನ ನೋಡಿದ್ದೀಯಲ್ಲ? ಮಯೂರಶರ್ಮ ಗುರು ವೀರಶರ್ಮನ ಜೊತೆ ಕಂಚಿಯ ಘಟಿಕಾಸ್ಥಾನಕ್ಕೆ ಓದಲು ಹೋದದ್ದನ್ನು ಅದು ಹೇಳುತ್ತದೆ. ಊರಿನ ಅಗ್ರಹಾರದಲ್ಲಿ ಕಲಿಯುವಷ್ಟು ಕಲಿತು, ಮುಂದಿನದಕ್ಕಾಗಿ ಹೊರಟವನು ಅವನು. ಅಲ್ಲಿ ಪಲ್ಲವರ ಸವಾರನೊಂದಿಗೆ ಜಗಳವಾಗಿ, ಪಾಠ ಬಿಟ್ಟು ಕತ್ತಿ ಹಿಡಿದು, ಬನವಾಸಿಯ ಕದಂಬ ರಾಜ್ಯ ಕಟ್ಟಿದ್ದು ಬೇರೆ ಮಾತು. ಯಾವ ಕಾಲೇಜೂ ಯಾರ ಬದುಕನ್ನೂ ಮೊದಲೇ ಬರೆದಿಡುವುದಿಲ್ಲ ಎಂಬುದಕ್ಕೆ ಅದೂ ಒಂದು ಉದಾಹರಣೆ. ಇನ್ನೊಂದು ಕಡೆ ಬಳ್ಳಿಗಾವಿ. ಅಲ್ಲಿನ ಕೋಡಿಮಠದಲ್ಲಿ ವೇದ, ವ್ಯಾಕರಣ, ದರ್ಶನಗಳ ಪಾಠದ ಜೊತೆಗೆ ಬಡವರಿಗೆ ಅನ್ನ, ರೋಗಿಗಳಿಗೆ ಔಷಧ ಸಿಗುತ್ತಿತ್ತೆಂದು 1162ರ ಶಾಸನವಿದೆ. ಅಂದರೆ ಇಲ್ಲಿ ಸಿಗುವುದನ್ನು ಇಲ್ಲೇ ಕಲಿ. ಇಲ್ಲದ್ದಕ್ಕಾಗಿ ಮಾತ್ರ ಬಸ್ಸು ಹತ್ತು.

ಹಾಗಾದರೆ ಇಲ್ಲಿ ಏನು ಸಿಗುತ್ತದೆ? ರಾಜ್ಯದ ಪಿಯು ವಿಜ್ಞಾನಕ್ಕೆ ಎನ್‌ಸಿಇಆರ್‌ಟಿ ಪಠ್ಯ ಬಂದು ದಶಕ ದಾಟಿದೆ. ಶಿರಾಳಕೊಪ್ಪದಲ್ಲೂ ಮಂಗಳೂರಿನಲ್ಲೂ ಅದೇ ಪುಸ್ತಕ, ಅದೇ ಬೋರ್ಡ್ ಪರೀಕ್ಷೆ, ಅದೇ ಸಿಇಟಿ. ವ್ಯತ್ಯಾಸವಾಗುವುದು ಪಾಠ ಮಾಡುವವರಲ್ಲಿ. ಹಾಲು ಕರೆದು ನೋಡದೆ ಎಮ್ಮೆ ಕೊಳ್ಳದ ನಾವು, ಕಾಲೇಜನ್ನು ಮಾತ್ರ ಫ್ಲೆಕ್ಸ್‌ನ ಫೋಟೊ ನೋಡಿ ಒಪ್ಪಿಬಿಡುತ್ತೇವೆ. ಎಷ್ಟು ಮಂದಿ ರ‍್ಯಾಂಕ್ ತೆಗೆದರು ಅನ್ನುವುದರ ಜೊತೆಗೆ ಎಷ್ಟು ಮಂದಿ ಪರೀಕ್ಷೆಗೆ ಕೂತಿದ್ದರು ಎಂದೂ ಕೇಳು. ಭೌತಶಾಸ್ತ್ರ, ಗಣಿತಕ್ಕೆ ಕಾಯಂ ಉಪನ್ಯಾಸಕರಿದ್ದಾರೋ, ಅತಿಥಿ ಉಪನ್ಯಾಸಕರಾದರೆ ಯಾವ ತಿಂಗಳಿಂದ ಬರುತ್ತಾರೆ ಎಂದು ವಿಚಾರಿಸು.

ಇನ್ನೊಂದು ಉಪಾಯ ಹೇಳುತ್ತೇನೆ. ಆ ಕಾಲೇಜಿನಲ್ಲಿ ಸೆಕೆಂಡ್ ಪಿಯು ಮುಗಿಸಿದ ಅಕ್ಕನನ್ನೋ ಅಣ್ಣನನ್ನೋ ಹುಡುಕಿ, ಅವರ ರಸಾಯನಶಾಸ್ತ್ರದ ಪ್ರಾಕ್ಟಿಕಲ್ ರೆಕಾರ್ಡ್ ತೆರೆದು ನೋಡು. ಪ್ರಯೋಗಗಳ ಕೆಳಗಿನ ಸಹಿ ಜುಲೈ, ಆಗಸ್ಟ್, ಸೆಪ್ಟೆಂಬರ್ ಎಂದು ವಾರವಾರ ಸಾಗಿದ್ದರೆ, ಪುಟದ ಮೂಲೆಯಲ್ಲಿ ಆಮ್ಲ ಬಿದ್ದ ಕಲೆಯಿದ್ದರೆ, ಲ್ಯಾಬು ನಡೆದಿದೆ. ಎಲ್ಲ ಸಹಿಯೂ ಒಂದೇ ಶಾಯಿಯಲ್ಲಿ ಜನವರಿಯಲ್ಲಿ ಬಿದ್ದಿದ್ದರೆ ನಿನಗೇ ಅರ್ಥವಾಗುತ್ತದೆ. ಸರ್ಕಾರಿಯೋ ಖಾಸಗಿಯೋ ಎನ್ನುವುದಕ್ಕಿಂತ ಈ ಪುಸ್ತಕ ಹೆಚ್ಚು ಹೇಳುತ್ತದೆ.

ಆಮೇಲೆ ದಾರಿ. ಸೊರಬದವರಿಗೆ ಸಾಗರವಿದೆ, ಚಂದ್ರಗುತ್ತಿ ಸೀಮೆಯವರಿಗೆ ಸಿದ್ದಾಪುರ, ಆನವಟ್ಟಿ ಕಡೆಯವರಿಗೆ ಹಾನಗಲ್ಲೂ ಆದೀತು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಮೇಲೆ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನ ಖರ್ಚಿಲ್ಲ. ಆದರೆ ಟಿಕೆಟ್ಟಿನಷ್ಟೇ ಮುಖ್ಯ ವೇಳೆ. ಸ್ಪೆಷಲ್ ಕ್ಲಾಸ್ ಮುಗಿಯುವ ಹೊತ್ತಿಗೆ ನಿಮ್ಮೂರಿನ ಕೊನೆಯ ಬಸ್ಸು ಹೊರಟಿರುತ್ತದೋ ಹೇಗೆ? ಒಂದು ದಿನ ಹೋಗಿ ಬಂದು ನೋಡು. ದಿನಕ್ಕೆ ಮೂರು ಗಂಟೆ ಬಸ್ಸಿನಲ್ಲೇ ಕಳೆಯುವುದಾದರೆ ಸರ್ಕಾರಿ ಹಾಸ್ಟೆಲ್ಲಿಗೆ ಅರ್ಜಿ ಹಾಕು. ಹಿಂದುಳಿದ ವರ್ಗದ ಮಕ್ಕಳಿಗೆ ಹಾಸ್ಟೆಲ್ ಸಿಗದಿದ್ದರೆ ಊಟ-ವಸತಿಗೆ ನೆರವು ಕೊಡುವ ವಿದ್ಯಾಸಿರಿ ಯೋಜನೆಯಿದೆ.

ಕರಾವಳಿಯ ಇಂಟಿಗ್ರೇಟೆಡ್ ಕೋಚಿಂಗ್ ಕಾಲೇಜಿಗೇ ಹೋಗಬೇಕು ಅನಿಸಿದರೆ ಬೇಡ ಅನ್ನುವುದಿಲ್ಲ. ಅಲ್ಲಿನ ಶಿಸ್ತು ಕೆಲವರಿಗೆ ಒಗ್ಗುತ್ತದೆ. ಆದರೆ ಅಡ್ವಾನ್ಸ್ ಕಟ್ಟುವ ಮುಂಚೆ ಅಪ್ಪನ ಪಕ್ಕ ಕೂತು ಎರಡು ವರ್ಷದ ಪೂರ್ತಿ ಲೆಕ್ಕ ಬರೆ: ಫೀಸು, ಹಾಸ್ಟೆಲ್ಲು, ಕೋಚಿಂಗು, ಯೂನಿಫಾರ್ಮು. ನಡುವೆ ಬಿಟ್ಟುಬಂದರೆ ಎಷ್ಟು ವಾಪಸ್ಸು ಎಂಬುದನ್ನೂ ಬರವಣಿಗೆಯಲ್ಲೇ ಕೇಳಿ. ಶುಂಠಿಗೆ ರೇಟು ಬಂದ ವರ್ಷದ ಧೈರ್ಯದಲ್ಲಿ ರೇಟು ಬಿದ್ದ ವರ್ಷದ ಫೀಸು ಒಪ್ಪಿಕೊಳ್ಳಬಾರದು.

ಕನ್ನಡ ಮಾಧ್ಯಮದಿಂದ ವಿಜ್ಞಾನಕ್ಕೆ ಹೋಗುವ ನಿನಗೆ ಮೊದಲ ಮೂರು ತಿಂಗಳು ಕಷ್ಟವೇ. ಪಾಠ ತಿಳಿಯುತ್ತದೆ, ಇಂಗ್ಲಿಷ್ ಅಡ್ಡ ಬರುತ್ತದೆ. ಕ್ಲಾಸಿನಲ್ಲಿ ಕನ್ನಡದಲ್ಲಿ ಪ್ರಶ್ನೆ ಕೇಳಿದರೆ ಗದರದೆ ಉತ್ತರಿಸುವ ಉಪನ್ಯಾಸಕರಿರುವ ಕಾಲೇಜು ಸಿಕ್ಕರೆ ಕಣ್ಣುಮುಚ್ಚಿ ಸೇರು. ನಿನ್ನ ಕನ್ನಡ ಶಾಲೆ ನಿನಗೆ ಕೊರತೆಯೂ ಅಲ್ಲ. ಒಂದರಿಂದ ಹತ್ತರವರೆಗೆ ಹಳ್ಳಿಯಲ್ಲಿ ಓದಿದವರಿಗೆ ಸಿಇಟಿ ಸೀಟುಗಳಲ್ಲಿ ಶೇ. 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5 ಮೀಸಲು.

ಆದ್ದರಿಂದ ಟಿಸಿ ತರಲು ಹೋದಾಗಲೇ ಹೆಡ್‌ಮಾಸ್ಟರ ಹತ್ತಿರ ಗ್ರಾಮೀಣ ವ್ಯಾಸಂಗ, ಕನ್ನಡ ಮಾಧ್ಯಮದ ಪ್ರಮಾಣಪತ್ರಗಳನ್ನೂ ಬರೆಸಿಕೊಂಡು, ಬಿಇಒ ಕಚೇರಿಯಲ್ಲಿ ಮೇಲುರುಜು ಹಾಕಿಸು. ನಾಡಕಚೇರಿಯಲ್ಲಿ ಜಾತಿ-ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಕೊಡು. ಕಾಲೇಜು ಯಾವುದಾದರೂ ಈ ಕಾಗದಗಳು ಬೇಕೇಬೇಕು. ಅಷ್ಟರೊಳಗೆ ವಿಷಯ ಯಾವುದೆಂದು ನೀನೇ ತೀರ್ಮಾನಿಸಿ, ಮನೆಯವರ ಮುಂದೆ ಕಾರಣ ಸಮೇತ ಹೇಳು. ಹೇಳಲು ಬಾಯಿ ಬಾರದಿದ್ದರೆ ಈ ಪತ್ರವನ್ನು ಅಪ್ಪನ ಕೈಗೆ ಕೊಡು.

ಇತಿ ನಿನ್ನ ಹಿತೈಷಿ,
ಊರಿನ ಹಳೇ ಮೇಷ್ಟ್ರು