ತಾಳುವ ಮನಸ್ಸಿಗೆ ಕನಕದಾಸರ ಪಾಠ

 

ಈ ಸಲ ಕನಕದಾಸರ ‘ತಲ್ಲಣಿಸದಿರು ಕಂಡ್ಯ’ ಪದದ ಅರ್ಥವನ್ನು ನೋಡೋಣ. ದುಬೈ, ಅಬುಧಾಬಿಯಲ್ಲಿರುವ ನಮಗೆ ಇದು ಬಹಳ ಹತ್ತಿರದ ಪದ. ಇಲ್ಲಿ ಕೆಲಸ ಹೋದರೆ ಸಂಬಳ ಒಂದೇ ಅಲ್ಲ, ವೀಸಾ, ಮನೆ ಬಾಡಿಗೆ, ಮಕ್ಕಳ ಶಾಲೆ ಎಲ್ಲವೂ ಒಟ್ಟಿಗೆ ಅಲುಗಾಡುತ್ತದೆ. 2020ರ ಮಾರ್ಚ್‌ನಲ್ಲಿ ವಿಮಾನಗಳು ನಿಂತಾಗ, ಊರಲ್ಲಿ ಹೆತ್ತವರು ಹಾಸಿಗೆ ಹಿಡಿದಿದ್ದರೂ ಹೋಗಲಾಗದೆ ಎಷ್ಟೋ ಮಂದಿ ಇಲ್ಲೇ ಕೂತು ಕಣ್ಣೀರಿಟ್ಟರು. ವಂದೇ ಭಾರತ್ ಯೋಜನೆಯಲ್ಲಿ ದುಬೈನಿಂದ ಮಂಗಳೂರಿಗೆ ಮೊದಲ ವಿಮಾನ ಹೊರಟದ್ದು ಮೇ 12ಕ್ಕೆ. ಅಲ್ಲಿಯವರೆಗೆ ಕಾಯುವುದೊಂದೇ ದಾರಿ.

ಪದದ ಅರ್ಥಕ್ಕೆ ಬರೋಣ. ತಲ್ಲಣ ಅಂದರೆ ಭಯದಿಂದ ಒಳಗೊಳಗೇ ನಡುಗುವುದು. ‘ಕಂಡ್ಯ’ ಅಂದರೆ ಕಂಡೆಯಾ. ಮನೆಯ ಹಿರಿಯರು ಬೆನ್ನು ಸವರಿ “ತಿಳೀತಾ ಮಗು” ಅನ್ನುವ ಹಾಗೆ. ‘ತಾಳು’ ಎಂಬುದಕ್ಕೆ ಸಹಿಸು ಎಂದೂ ಅರ್ಥ, ಸ್ವಲ್ಪ ನಿಲ್ಲು ಎಂದೂ ಅರ್ಥ. “ತಾಳಿ, ಬಂದೆ” ಅಂತೀವಲ್ಲ, ಹಾಗೆ. ಬರುವವನು ಒಬ್ಬನಿದ್ದಾನೆ ಎಂಬ ಭರವಸೆ ಆ ಮಾತಿನಲ್ಲೇ ಇದೆ.

ಒಂದು ಮುಖ್ಯ ವಿಷಯ ಗಮನಿಸಿ. ದಾಸರು ಹೇಳುತ್ತಿರುವುದು ತಮ್ಮ ಮನಸ್ಸಿಗೆ, ಪಕ್ಕದವರಿಗಲ್ಲ. ದುಃಖದಲ್ಲಿರುವವರ ಮುಂದೆ ನಿಂತು “ತಲ್ಲಣಿಸಬೇಡಿ” ಅಂತ ಉಪದೇಶ ಮಾಡುವುದು ಸುಲಭ. ಅವರ ಜೊತೆ ಕೂತು, ನಮ್ಮ ಮನಸ್ಸಿಗೇ ಹೇಳಿಕೊಂಡಂತೆ ಹಾಡಿದರೆ ಅದು ಸಾಂತ್ವನ.

ಕಷ್ಟ ಏಕೆ ಬಂತು ಎಂದು ದಾಸರು ಇಲ್ಲಿ ವಿವರಿಸುವುದಿಲ್ಲ. ಬೆಟ್ಟದ ತುದಿಯ ಮರ, ಕಲ್ಲಿನೊಳಗಿನ ಕಪ್ಪೆ, ನವಿಲಿನ ಬಣ್ಣ, ಇವನ್ನೆಲ್ಲ ತೋರಿಸಿ, ಇವುಗಳನ್ನು ನೋಡಿಕೊಂಡವರು ಯಾರು ಎಂದು ಕೇಳುತ್ತಾರೆ. ನಮ್ಮ ಮಕ್ಕಳಿಗೆ ಅರ್ಥವಾಗಲು ಮರುಭೂಮಿಯ ಗಾಫ್ ಮರ ತೋರಿಸಿ. ಯುಎಇಯ ರಾಷ್ಟ್ರೀಯ ವೃಕ್ಷ ಅದು. 2019ನ್ನು ಈ ದೇಶ ಸಹಿಷ್ಣುತೆಯ ವರ್ಷವಾಗಿ ಆಚರಿಸಿದಾಗ ಗುರುತಾಗಿ ಆರಿಸಿದ್ದೂ ಇದನ್ನೇ. ಇದು ಬೇರೆ ಯಾವುದೂ ಅಲ್ಲ, ನಮ್ಮ ಶಮೀವೃಕ್ಷ, ವಿಜಯದಶಮಿಯ ಬನ್ನಿ! ಮೇಲೆ ಸುಡುವ ಮರಳು. ಬೇರು ಮಾತ್ರ ಆಳಕ್ಕಿಳಿದು ನೀರು ಹುಡುಕುತ್ತದೆ. ಪಾಂಡವರು ಅಜ್ಞಾತವಾಸದ ಒಂದು ವರ್ಷ ಆಯುಧಗಳನ್ನು ಬಚ್ಚಿಟ್ಟಿದ್ದೂ ಶಮಿಯಲ್ಲೇ.

ಹಾಗಂತ ಕೈಕಟ್ಟಿ ಕೂರಬೇಕೆಂದಲ್ಲ. ಪಾಂಡವರು ಆ ವರ್ಷವೂ ಅಡುಗೆ ಮಾಡಿದರು, ಕುದುರೆ, ದನ ನೋಡಿಕೊಂಡರು, ನಾಟ್ಯ ಕಲಿಸಿದರು. ನಾವೂ ಅರ್ಜಿ ಹಾಕೋಣ, ಖರ್ಚು ತಗ್ಗಿಸೋಣ, ಬಲ್ಲವರ ಸಹಾಯ ಕೇಳೋಣ. ನಾವು ಕೇಳಿದ್ದೇ ಸಿಗುತ್ತದೆ ಎಂಬ ಮಾತು ಈ ಪದದಲ್ಲಿಲ್ಲ. ಹೋದ ಜೀವ ಮರಳುವುದಿಲ್ಲ, ಹೋದ ಕೆಲಸವೂ ಮರಳದೆ ಇರಬಹುದು. ಆದರೆ ಸ್ವಾಮಿ ನಮ್ಮನ್ನು ಕೈಬಿಡುವುದಿಲ್ಲ ಎಂಬುದಷ್ಟೇ ಇಲ್ಲಿಯ ಭರವಸೆ.

ಹಾಡುವವರಿಗೆ ಒಂದು ಸೂಚನೆ. ಈ ಪದವನ್ನು ಬೇರೆ ಬೇರೆ ರಾಗಗಳಲ್ಲಿ ಹಾಡುತ್ತಾರೆ, ನಿಮಗೆ ಒಗ್ಗಿದ್ದನ್ನು ಹಿಡಿಯಿರಿ. ಕಾಲ ಮಾತ್ರ ಓಡಿಸಬೇಡಿ. ‘ತಾಳು’ ಎಂಬಲ್ಲಿ ಸ್ವರ ನಿಲ್ಲಲಿ, ಉಸಿರು ಇಳಿಯಲಿ. ಪಲ್ಲವಿಯನ್ನು ಮೂರು ಸಲ ಮೆಲ್ಲಗೆ ಹಾಡಿ, ಆಮೇಲೆ ಚರಣಕ್ಕೆ ಹೋಗಿ. ರಾತ್ರಿ ನಿದ್ದೆ ಬಾರದಾಗ ಶ್ರುತಿಪೆಟ್ಟಿಗೆಯೂ ಬೇಡ, ಗುನುಗಿದರೆ ಸಾಕು.

ಕಾಗಿನೆಲೆಯ ಆದಿಕೇಶವ ಎಲ್ಲರನ್ನೂ ಕಾಯಲಿ.

ಶ್ರೀ ಕೃಷ್ಣಾರ್ಪಣಮಸ್ತು.