ಬೀಗ ಹಾಕದ ಕೊಠಡಿ

ತರಗತಿಯಲ್ಲಿ ಕುಳಿತ ಮಗುವಿನ ಮೈಮನಗಳಿಗೆ ಏಕಕಾಲಕ್ಕೆ ಬಂದು ತಾಗುವ ಸಂವೇದನೆಗಳಲ್ಲಿ ಶಿಕ್ಷಕರ ಮಾತು ಒಂದು ಮಾತ್ರ. ಅದರ ಜೊತೆಗೇ ಪಕ್ಕದ ಕೊಠಡಿಯಲ್ಲಿ ಒಟ್ಟಾಗಿ ಹೇಳುವ ಮಗ್ಗಿ, ಜಿಂಕ್ ಶೀಟಿನ ಮೇಲೆ ಸುರಿಯುವ ಮಳೆ, ಬಿಸಿಯೂಟದ ಹೊತ್ತಿಗೆ ಒಂದಕ್ಕೊಂದು ಬಡಿಯುವ ಸ್ಟೀಲ್ ತಟ್ಟೆಗಳು, ಹೊಸ ಸಮವಸ್ತ್ರದ ಕಾಲರು ಕತ್ತಿಗೆ ಕೊಡುವ ಕಿರಿಕಿರಿ, ಒತ್ತಿ ಕುಳಿತವರ ಮೊಣಕೈ, ಎಲ್ಲವೂ ಬರುತ್ತವೆ. ಬಹುಪಾಲು ಮಕ್ಕಳ ಮಿದುಳು ಇವುಗಳಲ್ಲಿ ಬೇಕಾದದ್ದನ್ನು ಉಳಿಸಿಕೊಂಡು ಬೇಡದ್ದನ್ನು ಜರಡಿ ಹಿಡಿದ ಹಾಗೆ ಕೆಳಗೆ ಬಿಟ್ಟುಬಿಡುತ್ತದೆ. ಆಟಿಸಂ ಇರುವ ಅನೇಕ ಮಕ್ಕಳಲ್ಲಿ, ಗಮನದ ಕೊರತೆ ಹಾಗೂ ಅತಿಚಟುವಟಿಕೆಯ ಸ್ಥಿತಿಯಾದ ಎಡಿಎಚ್‌ಡಿ ಇರುವ ಕೆಲವರಲ್ಲಿ, ಮನೆಯಲ್ಲಿ ಆಘಾತ ಕಂಡು ಸದಾ ಬೆಚ್ಚುತ್ತಲೇ ಇರುವವರಲ್ಲಿ ಈ ಕೆಲಸ ಸರಿಯಾಗಿ ನಡೆಯುವುದಿಲ್ಲ. ಆಗ ಮಗು ಕಿವಿ ಮುಚ್ಚಿಕೊಳ್ಳುತ್ತದೆ, ಡೆಸ್ಕಿನ ಕೆಳಗೆ ನುಗ್ಗುತ್ತದೆ, ಹತ್ತಿರ ಬಂದವರನ್ನು ತಳ್ಳುತ್ತದೆ ಅಥವಾ ಏನೂ ಮಾಡದೆ ಕಲ್ಲಿನಂತೆ ಕುಳಿತುಬಿಡುತ್ತದೆ. ಶಾಲೆ ಇದಕ್ಕೆ ಮೊಂಡುತನ ಎಂದು ಹೆಸರಿಡುತ್ತದೆ.

ಇಂಥ ಮಗು ತನ್ನ ಉದ್ವೇಗವನ್ನು ತಾನೇ ಗುರುತಿಸಿ, ತಗ್ಗಿಸಿಕೊಂಡು, ಮತ್ತೆ ಕಲಿಕೆಗೆ ಮರಳಲು ಶಕ್ತವಾಗುವುದನ್ನು ಭಾವನಿಯಂತ್ರಣ ಎನ್ನುತ್ತಾರೆ; ಅಳುವನ್ನು ನುಂಗಿಕೊಳ್ಳುವುದು ಅಥವಾ ಹೆದರಿ ಸುಮ್ಮನಾಗುವುದು ಭಾವನಿಯಂತ್ರಣವಲ್ಲ ಎಂಬುದನ್ನು ಮೊದಲಿಗೇ ಸ್ಪಷ್ಟಪಡಿಸಿಕೊಳ್ಳಬೇಕು. ಈ ಮರಳುವಿಕೆಗೆ ನೆರವಾಗಲೆಂದು ಬೆಳಕು, ಶಬ್ದ, ಸ್ಪರ್ಶ ಮತ್ತು ಚಲನೆಯನ್ನು ಮಗುವಿನ ಅಳವಿಗೆ ತಕ್ಕಂತೆ ಹೊಂದಿಸಿದ ಸ್ಥಳವೇ ಸೆನ್ಸರಿ ಕೊಠಡಿ. ಈ ಬರಹಕ್ಕೆ ಆಧಾರವಾದದ್ದು ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳ ಶಾಲೆಗಳಲ್ಲಿ ವಿಶೇಷ ಅಗತ್ಯವುಳ್ಳ ಮಕ್ಕಳ ಜೊತೆಯಲ್ಲೂ ಅವರ ಶಿಕ್ಷಕರ ಜೊತೆಯಲ್ಲೂ ದುಡಿದ ಲೇಖಕಿಯ ಅನುಭವ. ಆ ಅನುಭವ ಕಲಿಸಿದ ಮುಖ್ಯ ಸಂಗತಿ ಒಂದೇ: ಮಗುವನ್ನು ಸಮಾಧಾನಪಡಿಸುವುದು ಕೊಠಡಿಯೊಳಗಿನ ಸಾಮಾನುಗಳಿಗಿಂತ ಹೆಚ್ಚಾಗಿ, ಸ್ಫೋಟಕ್ಕೆ ಮುನ್ನವೇ ಎದ್ದು ಅಲ್ಲಿಗೆ ಹೋಗಲು ಅದಕ್ಕಿರುವ ಅನುಮತಿ ಮತ್ತು ಅಲ್ಲಿ ಅದನ್ನು ಬಲ್ಲ ಒಬ್ಬ ದೊಡ್ಡವರ ಇರವು.

ಈ ಕಲ್ಪನೆಗೆ ಎರಡು ಬೇರುಗಳಿವೆ. ಅಮೆರಿಕದ ಆಕ್ಯುಪೇಷನಲ್ ಥೆರಪಿಸ್ಟ್, ಎಂದರೆ ದೈನಂದಿನ ಕೆಲಸಗಳನ್ನು ಮಾಡಿಕೊಳ್ಳುವ ಸಾಮರ್ಥ್ಯವನ್ನು ಬೆಳೆಸುವ ಚಿಕಿತ್ಸಕಿಯಾಗಿದ್ದ ಎ. ಜೀನ್ ಏರ್ಸ್ ಅವರು 1972ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಸಂವೇದನಾ ಸಂಯೋಜನೆಯ ಸಿದ್ಧಾಂತವನ್ನು ವಿಸ್ತಾರವಾಗಿ ಮಂಡಿಸಿದರು. ಕಣ್ಣು, ಕಿವಿ, ಮೂಗು, ನಾಲಿಗೆ, ಚರ್ಮಗಳ ಜೊತೆಗೆ ಒಳಕಿವಿ ಕೊಡುವ ಸಮತೋಲನದ ಅರಿವು ಹಾಗೂ ಸ್ನಾಯು ಮತ್ತು ಕೀಲುಗಳು ಕೊಡುವ ಅಂಗಸ್ಥಿತಿಯ ಅರಿವು ಕೂಡ ಮಗುವಿನ ವರ್ತನೆಯನ್ನು ರೂಪಿಸುತ್ತವೆ ಎಂಬುದು ಅವರ ಪ್ರತಿಪಾದನೆಯ ತಿರುಳು. ಇನ್ನೊಂದು ಬೇರು ನೆದರ್ಲೆಂಡ್ಸಿನದು; ಅಲ್ಲಿ 1970ರ ದಶಕದಲ್ಲಿ ತೀವ್ರ ಬೌದ್ಧಿಕ ಅಸಾಮರ್ಥ್ಯವುಳ್ಳವರಿಗಾಗಿ ಮಂದ ಬೆಳಕು, ಸಂಗೀತ, ಮೃದುವಾದ ಹಾಸುಗಳ ಕೊಠಡಿಗಳು ಹುಟ್ಟಿಕೊಂಡು ಸ್ನೂಜಲೆನ್ ಎಂಬ ಹೆಸರು ಪಡೆದವು. ಇಂದು ಮಾರಾಟಗಾರರ ಪಟ್ಟಿಗಳಲ್ಲಿ ಕಾಣುವ ಬಣ್ಣದ ದೀಪ, ಗುಳ್ಳೆಯೇಳುವ ನೀರಿನ ಕೊಳವೆ, ಹೊಳೆಯುವ ಎಳೆಗಳೆಲ್ಲ ಈ ಎರಡನೆಯ ಪರಂಪರೆಯವು.

ಮೇಲಿನ ನಾಲ್ಕು ತಾಲ್ಲೂಕುಗಳು ಒಂದೇ ಜಿಲ್ಲೆಗೆ ಸೇರಿದ್ದರೂ ತಜ್ಞರ ನೆರವಿನ ವಿಷಯದಲ್ಲಿ ಒಂದೇ ಸ್ಥಿತಿಯಲ್ಲಿಲ್ಲ. ಶ್ರೀರಂಗಪಟ್ಟಣದ ತಾಯಿಯೊಬ್ಬಳು ಮಗುವನ್ನು ಎತ್ತಿಕೊಂಡು ಬಸ್ಸು ಹತ್ತಿದರೆ, 1965ರಲ್ಲಿ ಸ್ಥಾಪನೆಯಾದ ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯನ್ನು ಬೆಳಗಿನ ಹೊತ್ತಿನಲ್ಲೇ ತಲುಪಬಹುದು. ನಾಗಮಂಗಲದ ಕಡೆಯವರಿಗೆ ಬಿ.ಜಿ. ನಗರದ ಆದಿಚುಂಚನಗಿರಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆ ಹತ್ತಿರ. ಕೃಷ್ಣರಾಜಪೇಟೆಯ ಒಳಹಳ್ಳಿಗಳಿಂದ ಯಾವ ಕಡೆಗೆ ಹೊರಟರೂ ಒಂದು ದಿನದ ಕೂಲಿ ಹೋಗುತ್ತದೆ. ಬಿಆರ್‌ಸಿ ಎಂದು ಎಲ್ಲರೂ ಕರೆಯುವ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ಸಮಗ್ರ ಶಿಕ್ಷಣದ ಯೋಜನೆಯಡಿ ವಿಶೇಷ ಅಗತ್ಯವುಳ್ಳ ಮಕ್ಕಳಿಗಾಗಿಯೇ ನಿಯೋಜಿತರಾದ ಬಿಐಇಆರ್‌ಟಿ, ಅಂದರೆ ಸಂಪನ್ಮೂಲ ಶಿಕ್ಷಕರಿದ್ದಾರೆ. ಆದರೆ ಅವರ ಪಾಲಿಗೆ ಇಡೀ ತಾಲ್ಲೂಕು ಇರುವುದರಿಂದ, ಮಗುವಿನ ದಿನದಿನದ ಏರಿಳಿತವನ್ನು ಕಾಣುವವರು ತರಗತಿಯ ಮೇಷ್ಟ್ರು, ಮಿಸ್ಸು ಮತ್ತು ಬಿಸಿಯೂಟದ ಅಡುಗೆಯಮ್ಮಂದಿರೇ. ಆದ್ದರಿಂದ ತಜ್ಞರು ಸದಾ ಇರುವ ನಗರದ ಕೊಠಡಿಯನ್ನು ಇಲ್ಲಿ ಹಾಗೆಯೇ ತಂದು ನಿಲ್ಲಿಸಲಾಗದು.

ಸಾಮಾನಿನ ಆಯ್ಕೆಯಲ್ಲಿ ಇದು ಬೇಗನೆ ತಿಳಿದುಬಂತು. ದಾನಿಗಳಿಗೆ ಬಣ್ಣದ ದೀಪಗಳನ್ನು ಕೊಡಿಸುವ ಆಸೆ ಸಹಜ, ಏಕೆಂದರೆ ಫೋಟೋದಲ್ಲಿ ಅವೇ ಎದ್ದು ಕಾಣುತ್ತವೆ. ಆದರೆ ಕರೆಂಟು ಹೋದೊಡನೆ ಅಂಥ ಕೊಠಡಿ ಕತ್ತಲ ಕೋಣೆಯಾಗುತ್ತದೆ, ಮಿಣುಕುವ ದೀಪವಂತೂ ಮೂರ್ಛೆರೋಗದ ಪ್ರವೃತ್ತಿಯುಳ್ಳ ಕೆಲವು ಮಕ್ಕಳಿಗೆ ಅಪಾಯಕಾರಿ. ಈ ಸೀಮೆಯಲ್ಲಿ ಕೈಗೆಟಕುವ ವಸ್ತುಗಳು ಅವುಗಳಿಗಿಂತ ಹೆಚ್ಚು ಉಪಯೋಗಕ್ಕೆ ಬಂದವು: ಬರಿಗಾಲಲ್ಲಿ ನಡೆಯಲು ತೆಂಗಿನ ನಾರಿನ ಚಾಪೆ, ಮೈಗೆ ಸುತ್ತಿಕೊಳ್ಳಲು ಹಳೆಯ ಹತ್ತಿ ಸೀರೆ, ಒರಟು ಇಷ್ಟಪಡುವವರಿಗೆ ಕಂಬಳಿ, ಕೈಯಾಡಿಸಲು ಹುಣಸೆಬೀಜ ತುಂಬಿದ ಮೊರ, ಬೆರಳುಗಳಿಗೆ ಕೆಲಸ ಕೊಡಲು ಅಳಗುಳಿ ಮಣೆ, ತಳ್ಳಲು ಒಂದು ಗಟ್ಟಿ ಗೋಡೆ. ತೊಡೆಯ ಮೇಲೆ ಇಟ್ಟುಕೊಳ್ಳುವ ತೂಕದ ಚೀಲಕ್ಕೆ ರಾಗಿ ತುಂಬಿದರೆ ಇಲಿಯ ಕಾಟ ತಪ್ಪುವುದಿಲ್ಲವಾದ್ದರಿಂದ ತೊಳೆದು ಒಣಗಿಸಿದ ಮರಳನ್ನು ಎರಡು ಪದರದ ಬಟ್ಟೆಯಲ್ಲಿ ಹೊಲಿಯುವುದು ವಾಸಿ. ಅದರ ಭಾರ ಮಗುವಿನ ತೂಕದ ಹತ್ತನೆಯ ಒಂದು ಭಾಗವನ್ನು ಮೀರದಂತೆ, ಬೇಡವೆನಿಸಿದಾಗ ಮಗುವೇ ಅದನ್ನು ತೆಗೆದಿಡುವಂತೆ ಇರಬೇಕು, ಮುಖದ ಮೇಲಂತೂ ಎಂದಿಗೂ ಹಾಕಬಾರದು. ತೊಲೆಗೆ ಸೀರೆಯ ಜೋಲಿ ಕಟ್ಟುವ ಆಸೆಯನ್ನು ಮಾತ್ರ ಹಳೆಯ ಕಟ್ಟಡಗಳಲ್ಲಿ ಬಿಟ್ಟುಬಿಡುವುದೇ ಕ್ಷೇಮ.

ಪಾಂಡವಪುರ ತಾಲ್ಲೂಕಿನ ಒಂದು ಪ್ರಾಥಮಿಕ ಶಾಲೆಯಲ್ಲಿ ನಾಲ್ಕನೆಯ ತರಗತಿಯ ಹುಡುಗನೊಬ್ಬನ ಸಂಗತಿ ಇಲ್ಲಿ ಸ್ವಲ್ಪ ವಿವರವಾಗಿ ಹೇಳುವಂಥದ್ದು. ಆ ಶಾಲೆಯ ಗಂಟೆ ಎಂದರೆ ಜಗಲಿಯ ತೊಲೆಗೆ ನೇತುಹಾಕಿದ ರೈಲುಕಂಬಿಯ ತುಂಡು. ಅದನ್ನು ಕಬ್ಬಿಣದ ಸಲಾಕೆಯಿಂದ ಬಾರಿಸಿದೊಡನೆ ಆ ಹುಡುಗ ಕಿರುಚಿ ಓಡುತ್ತಿದ್ದ, ತಡೆದವರನ್ನು ಕಚ್ಚುತ್ತಿದ್ದ. ಬೇಬಿ ಬೆಟ್ಟದ ಸುತ್ತಮುತ್ತ ಬಹುಕಾಲ ಕಲ್ಲುಗಣಿಯ ಸ್ಫೋಟಗಳನ್ನು ಕೇಳಿದ ಆ ಭಾಗದ ಜನರಿಗೆ ದೊಡ್ಡ ಸದ್ದು ಹೊಸದಲ್ಲವಾದ್ದರಿಂದ, ಗಂಟೆಗೆ ಹೆದರುವುದು ನಾಟಕವೆಂದೇ ಎಲ್ಲರ ತೀರ್ಮಾನವಾಗಿತ್ತು. ಶಿಕ್ಷಕಿಯೊಬ್ಬರು ಒಂದು ವಾರ ಅವನನ್ನು ಸುಮ್ಮನೆ ಗಮನಿಸಿ ಬರೆದುಕೊಂಡಾಗ, ಕಿರುಚಾಟಕ್ಕೆ ಬಹಳ ಮುಂಚೆಯೇ ಅವನು ಅಂಗಿಯ ಕೊನೆಯ ಗುಂಡಿಯನ್ನು ತಿರುಚಲು ತೊಡಗುತ್ತಾನೆ ಎಂಬುದು ಕಂಡುಬಂತು. ಗಂಟೆ ಯಾವಾಗ ಬಾರಿಸುತ್ತಾರೋ ಎಂಬ ಕಾಯುವಿಕೆಯೇ ಗಂಟೆಗಿಂತ ಹೆಚ್ಚಾಗಿ ಅವನನ್ನು ಹಿಂಡುತ್ತಿತ್ತು. ಗುಂಡಿಗೆ ಕೈ ಹೋದಾಗ ಅವನನ್ನು ಕರೆದು, ನೋಟ್‌ಬುಕ್ಕುಗಳ ಒಂದು ಕಟ್ಟನ್ನು ಕೈಗೆ ಕೊಟ್ಟು, ಹಿಂದಿನ ಕೊಠಡಿಯಲ್ಲಿ ಇಟ್ಟುಬರಲು ಹೇಳುವ ಪದ್ಧತಿ ಶುರುವಾಯಿತು. ಭಾರ ಹೊರುವುದು, ತಳ್ಳುವುದು, ಎಳೆಯುವುದು ಸ್ನಾಯು–ಕೀಲುಗಳಿಗೆ ಗಟ್ಟಿಯಾದ ಸಂವೇದನೆ ಕೊಟ್ಟು ಅನೇಕ ಮಕ್ಕಳನ್ನು ತಣಿಸುತ್ತದೆ ಎಂಬ ತಿಳಿವಳಿಕೆ ಇದರ ಹಿಂದಿತ್ತು. ಆ ಕೊಠಡಿಯಲ್ಲಿ ಅವನು ಮರಳಿನ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತು, ಗಂಟೆಯಾದ ಮೇಲೆ ತಾನೇ ಎದ್ದು ಬರತೊಡಗಿದ. ಕೆಲವು ತಿಂಗಳ ಬಳಿಕ ಗಂಟೆ ಬಾರಿಸುವ ಸಲಾಕೆಯನ್ನೇ ಅವನ ಕೈಗೆ ಕೊಡಲಾಯಿತು. ಸದ್ದು ಯಾವಾಗ ಬರುತ್ತದೆಂದು ತನಗೇ ಗೊತ್ತಿದ್ದಾಗ ಅದು ಅವನನ್ನು ಅಷ್ಟಾಗಿ ಬಾಧಿಸಲಿಲ್ಲ. ಇದರಲ್ಲಿ ಖರ್ಚಾದದ್ದು ಮರಳು ಹೊಲಿದ ಬಟ್ಟೆ ಮಾತ್ರ.

ಕೊಠಡಿ ಇದ್ದೂ ಮಕ್ಕಳಿಗೆ ಒದಗದ ಉದಾಹರಣೆಗಳೂ ಇವೆ, ಮತ್ತು ಅವುಗಳಲ್ಲಿ ಹೆಚ್ಚಿನವಕ್ಕೆ ಕಾರಣ ಬೀಗ. ಸಾಮಾನುಗಳೆಲ್ಲ ಸ್ಟಾಕ್ ರಿಜಿಸ್ಟರಿನಲ್ಲಿ ದಾಖಲಾಗಿರುತ್ತವೆ. ಮುರಿದರೆ, ಹರಿದರೆ ತಪಾಸಣೆಯ ಹೊತ್ತಿಗೆ ಮುಖ್ಯ ಶಿಕ್ಷಕರು ಉತ್ತರ ಕೊಡಬೇಕು. ಹಾಗಾಗಿ ಕೊಠಡಿಗೆ ಬೀಗ ಬೀಳುತ್ತದೆ, ಬೀಗದ ಕೈ ಬೀರುವಿಗೆ ಸೇರುತ್ತದೆ, ಅಧಿಕಾರಿಗಳು ಬಂದ ದಿನ ಬಾಗಿಲು ತೆರೆಯುತ್ತದೆ. ಉದ್ವೇಗ ಏರುತ್ತಿರುವ ಮಗುವಿಗೆ ಬೀಗದ ಕೈ ಹುಡುಕುವಷ್ಟು ಪುರುಸೊತ್ತು ಇರುವುದಿಲ್ಲ. ಇದಕ್ಕೆ ಮುಖ್ಯ ಶಿಕ್ಷಕರನ್ನು ದೂರುವುದು ನ್ಯಾಯವಲ್ಲ; ಸವೆದು ಹರಿಯಬೇಕಾದ ವಸ್ತುವನ್ನು ಸೀಮೆಸುಣ್ಣದಂತೆ ಖರ್ಚಿನ ಬಾಬ್ತಿಗೆ ಹಾಕಿದರೆ ಆ ಭಯವೇ ಉಳಿಯುವುದಿಲ್ಲ.

ಬೀಗಕ್ಕಿಂತಲೂ ಕೆಡುಕಾದದ್ದು ಕೊಠಡಿಯನ್ನು ಶಿಕ್ಷೆಯಾಗಿ ಬಳಸುವುದು. ಗಲಾಟೆ ಮಾಡಿದ ಮಗುವನ್ನು ಅಲ್ಲಿ ಕೂರಿಸಿ ಬಾಗಿಲು ಮುಂದೆ ಮಾಡಿದರೆ ಅದು ಸೆನ್ಸರಿ ಕೊಠಡಿಯಲ್ಲ, ಕೂಡಿಹಾಕುವ ಕೋಣೆ. ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸುವ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಮಿನ ಆಶಯಕ್ಕೇ ಅದು ವಿರುದ್ಧ. ಒಳ್ಳೆಯ ನಡತೆಗೆ ಬಹುಮಾನವಾಗಿ ಅಲ್ಲಿಗೆ ಕಳಿಸುವುದೂ ಸಲ್ಲದು, ಏಕೆಂದರೆ ಆಗ ಅದು ಹೆಚ್ಚು ಬೇಕಾದ ದಿನವೇ ಮಗುವಿನ ಕೈ ತಪ್ಪುತ್ತದೆ. ‘ಬುದ್ಧಿ ಇಲ್ಲದೋರ ರೂಮು’ ಎಂದು ಉಳಿದ ಮಕ್ಕಳು ಆಡಿಕೊಳ್ಳುವುದನ್ನು ತಡೆಯಲು ಬುದ್ಧಿವಾದ ಸಾಲದಾಯಿತು. ಎಲ್ಲ ಮಕ್ಕಳಿಗೂ ಸರದಿಯಂತೆ ಅಲ್ಲಿ ಕುಳಿತುಕೊಳ್ಳುವ ಅವಕಾಶ ಕೊಟ್ಟಾಗ ಆ ಮಾತು ತಾನಾಗಿಯೇ ನಿಂತಿತು.

ಹಾಗೆ ಎಲ್ಲರಿಗೂ ತೆರೆದಿಟ್ಟಾಗ, ಯಾವ ಪ್ರಮಾಣಪತ್ರವೂ ಇಲ್ಲದ ಮಕ್ಕಳು ಅಲ್ಲಿಗೆ ಬರುವುದು ಕಾಣಿಸುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಆಟಿಸಂ ಮತ್ತು ನಿರ್ದಿಷ್ಟ ಕಲಿಕಾ ನ್ಯೂನತೆಗಳನ್ನೂ ಒಳಗೊಂಡಂತೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿದೆ. ಆದರೆ ದುಃಖ ಆ ಪಟ್ಟಿಯಲ್ಲಿ ಬರುವಂಥದ್ದಲ್ಲ. 2015ರಲ್ಲಿ ಈ ಜಿಲ್ಲೆಯ ರೈತರು ಒಬ್ಬರ ಹಿಂದೊಬ್ಬರು ಜೀವ ಕಳೆದುಕೊಂಡಾಗ ಅವರ ಮಕ್ಕಳು ಓದುತ್ತಿದ್ದದ್ದು ಇವೇ ಶಾಲೆಗಳಲ್ಲಿ. 2018ರ ನವೆಂಬರ್ 24ರ ಶನಿವಾರ ಪಾಂಡವಪುರ ತಾಲ್ಲೂಕಿನ ಕನಗನಮರಡಿಯ ಬಳಿ ಖಾಸಗಿ ಬಸ್ಸು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಮಂದಿ ತೀರಿಕೊಂಡರು. ಅರ್ಧ ದಿನದ ಶಾಲೆ ಮುಗಿಸಿ ಮನೆಗೆ ಹೊರಟಿದ್ದ ಮಕ್ಕಳೂ ಅವರಲ್ಲಿದ್ದರು. ಅಂಥ ಸಾವನ್ನು ಹತ್ತಿರದಿಂದ ಕಂಡ ಮಗುವಿನ ಬೆಚ್ಚುವಿಕೆಗೆ ಸೆನ್ಸರಿ ಕೊಠಡಿ ಚಿಕಿತ್ಸೆಯಲ್ಲ. ಅದಕ್ಕೆ ಆಪ್ತಸಮಾಲೋಚಕರು ಬೇಕು, ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ವೈದ್ಯರು ಬೇಕು. ಆದರೂ ಯಾರೂ ಪ್ರಶ್ನೆ ಕೇಳದ ಕಡೆ, ಬಲ್ಲವರೊಬ್ಬರ ಪಕ್ಕದಲ್ಲಿ ಸ್ವಲ್ಪ ಹೊತ್ತು ಕುಳಿತಿರಲು ಸಿಗುವ ಒಂದು ಜಾಗ ಅಂಥ ಮಗುವಿಗೆ ಶಾಲೆ ಕೊಡಬಹುದಾದ ಸಣ್ಣ ಉಪಕಾರವಲ್ಲ.

ತಂದೆತಾಯಿಯರ ಜೊತೆಗಿನ ಮಾತು ಇನ್ನೂ ನಾಜೂಕಿನದು. ‘ನಮ್ ಐದ ಮನೇಲೂ ಮಿಕ್ಸಿ ಹಾಕಿದ್ರೆ ಓಡೋಯ್ತಾನೆ ಕಣವ್ವ, ಗಾಳಿ ಸೋಕದೆ ಅಂತ ತಾಯ್ತ ಕಟ್ಸಿದ್ದೀವಿ’ ಎಂದು ನಾಗಮಂಗಲದ ಕಡೆಯ ಅಜ್ಜಿಯೊಬ್ಬರು ಹೇಳಿದಾಗ, ಅವರ ಮಾತಿನ ಮೊದಲರ್ಧ ಯಾವ ತಜ್ಞರ ವರದಿಗೂ ಕಡಿಮೆಯಿಲ್ಲದ ಮಾಹಿತಿ. ತಾಯಿತವನ್ನು ಅಲ್ಲಗಳೆಯುವುದರಿಂದ ಮಾತುಕತೆ ಅಲ್ಲಿಗೇ ಮುಗಿಯುತ್ತದೆ. ಮಿಕ್ಸಿಯ ವಿಷಯವನ್ನು ಹಿಡಿದು, ಹಾಕುವ ಮೊದಲು ಮಗುವಿಗೆ ಹೇಳಿ, ಬಾಗಿಲು ಮುಂದೆ ಮಾಡಿ, ಎಂದರೆ ಅದು ಮುಂದುವರಿಯುತ್ತದೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಶಾಲೆಗೆ ಬಂದಾಗ ಈ ಅಜ್ಜಿಯ ಮಾತನ್ನು ಅವರ ಮುಂದಿಡುವ ಶಿಕ್ಷಕರು ಮಗುವಿಗೆ ದೊಡ್ಡ ಸಹಾಯ ಮಾಡುತ್ತಾರೆ.

ಈ ಕೊಠಡಿಗಳ ಪರಿಣಾಮವನ್ನು ಹಿಗ್ಗಿಸಿ ಹೇಳುವುದು ತರವಲ್ಲ. ಅಮೆರಿಕದ ಮಕ್ಕಳ ತಜ್ಞರ ಅಕಾಡೆಮಿ 2012ರಲ್ಲಿ, ಸಂವೇದನಾ ಸಂಯೋಜನಾ ಚಿಕಿತ್ಸೆಯ ಪರಿಣಾಮದ ಕುರಿತ ಸಂಶೋಧನೆ ಸೀಮಿತ ಎಂದೂ ಅದನ್ನು ಸಮಗ್ರ ಚಿಕಿತ್ಸೆಯ ಒಂದು ಅಂಗವಾಗಿಯಷ್ಟೇ ಬಳಸಬಹುದೆಂದೂ ಎಚ್ಚರಿಸಿತು. ಆದಕಾರಣ ಪ್ರತಿ ಮಗುವಿನ ಹೆಸರಿನಲ್ಲಿ ಒಂದು ಪುಟವಿರಬೇಕು: ಬಂದ ಹೊತ್ತು, ಬರುವ ಮುಂಚೆ ತರಗತಿಯಲ್ಲಿ ನಡೆಯುತ್ತಿದ್ದದ್ದು, ಮಗು ತಾನಾಗಿ ಆರಿಸಿಕೊಂಡ ವಸ್ತು, ಮರಳಿದ ಹೊತ್ತು. ಆ ಪುಟವನ್ನು ತಿಂಗಳಿಗೊಮ್ಮೆ ಓದಿದರೆ ಹಲವು ವೇಳೆ ಬದಲಾಗಬೇಕಾದದ್ದು ತರಗತಿಯೇ ಎಂದು ಗೊತ್ತಾಗುತ್ತದೆ; ಬಿಸಿಯೂಟದ ಸಾಲಿನಲ್ಲಿ ಒಂದು ಮಗುವಿಗೆ ಮೊದಲಿಗೇ ಬಡಿಸಿ ಕಳಿಸುವುದರಿಂದ ಕೊಠಡಿಯ ಅಗತ್ಯವೇ ತಪ್ಪಿದ ಉದಾಹರಣೆ ಶ್ರೀರಂಗಪಟ್ಟಣದ ಒಂದು ಶಾಲೆಯಲ್ಲಿದೆ.

ಮಕ್ಕಳ ಸಂಖ್ಯೆ ಇಳಿದು ಖಾಲಿಯಾದ ಕೊಠಡಿಗಳು ಈ ನಾಲ್ಕು ತಾಲ್ಲೂಕುಗಳ ಎಷ್ಟೋ ಶಾಲೆಗಳಲ್ಲಿ ಮುರಿದ ಬೆಂಚು ತುಂಬಿಕೊಂಡು ನಿಂತಿವೆ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯವರು ಅಂಥ ಒಂದನ್ನು ಬರುವ ಜೂನ್‌ಗೆ ಮೊದಲು ಗುಡಿಸಿ, ಸುಣ್ಣ ಬಳಿಸಿ, ಕಿಟಕಿಗೆ ಒಂದು ಪರದೆ ಕಟ್ಟಿ, ನಾರಿನ ಚಾಪೆ ಹಾಸಿ, ಅಲ್ಲಿ ಯಾವ ಹೊತ್ತಿನಲ್ಲಿ ಯಾವ ಶಿಕ್ಷಕರು ಇರುತ್ತಾರೆ ಎಂಬುದನ್ನು ಬಾಗಿಲ ಮೇಲೆ ಬರೆದು ಅಂಟಿಸಲಿ. ಆ ಬಾಗಿಲಿನ ಚಿಲಕವನ್ನು ಮಾತ್ರ ದಯವಿಟ್ಟು ಅದೇ ದಿನ ಬಡಗಿಯಿಂದ ತೆಗೆಸಿಬಿಡಲಿ.