ಇಲ್ಲದ ಕಾಲಂ, ಖಾಲಿ ಕಾಲಂ

ಅಂಕಿ-ಅಂಶಗಳ ನೆರವಿಲ್ಲದೆ ಅರ್ಥಶಾಸ್ತ್ರದ ವಿದ್ಯಾರ್ಥಿ ಒಂದು ಹೆಜ್ಜೆಯನ್ನೂ ಮುಂದಿಡಲಾರ. ಬೆಳೆ, ಮಳೆ, ಜನಸಂಖ್ಯೆ, ಸಾಕ್ಷರತೆ, ಯಾವುದನ್ನು ಕುರಿತು ಮಾತಾಡಬೇಕಾದರೂ ಜಿಲ್ಲಾವಾರು ಕೋಷ್ಟಕಗಳ ಮೊರೆ ಹೋಗಬೇಕು. ಈ ಕೋಷ್ಟಕಗಳು ಈಗ ಪುಸ್ತಕಗಳಲ್ಲಿ ಮಾತ್ರವಲ್ಲದೆ ಕಂಪ್ಯೂಟರಿನ ಕಡತಗಳಾಗಿಯೂ ದೊರೆಯುತ್ತವೆ. ಹಲವು ವರ್ಷಗಳ ಕಡತಗಳನ್ನು ಒಂದುಗೂಡಿಸುವಾಗ, ಒಂದು ವರ್ಷದಲ್ಲಿರುವ ಕಾಲಂ ಇನ್ನೊಂದು ವರ್ಷದಲ್ಲಿ ಇಲ್ಲದೆ ಹೋದರೆ ಏನು ಮಾಡಬೇಕು? ನೋಡಲು ಸಣ್ಣದಾದ ಈ ಪ್ರಶ್ನೆಯನ್ನು ಕುರಿತು ನನಗೆ ತಿಳಿದಷ್ಟನ್ನು ಸಹಪಾಠಿಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ಎಕ್ಸೆಲ್ ಎಂಬ ಲೆಕ್ಕದ ಹಾಳೆಯನ್ನು ನಮ್ಮಲ್ಲಿ ಬಹುಮಂದಿ ಬಲ್ಲರು. ಅದರಲ್ಲಿ ಪವರ್ ಕ್ವೆರಿ ಎಂಬ ಒಂದು ಭಾಗವಿದೆ. 2013ರಲ್ಲಿ ಪ್ರತ್ಯೇಕವಾಗಿ ಜೋಡಿಸಿಕೊಳ್ಳುವ ಸಲಕರಣೆಯಾಗಿ ಬಂದ ಇದು ಎಕ್ಸೆಲ್ 2016ರಿಂದ ಅದರೊಳಗೇ ಸೇರಿಕೊಂಡಿದೆ. ನಾವು ಕೋಷ್ಟಕದ ಮೇಲೆ ನಡೆಸಿದ ಪ್ರತಿಯೊಂದು ಕೆಲಸವನ್ನೂ ಇದು ಹಂತಹಂತವಾಗಿ ಬರೆದಿಟ್ಟುಕೊಂಡು, ಮುಂದೆ ಹೊಸ ಕಡತ ಬಂದಾಗ ಅವೇ ಹಂತಗಳನ್ನು ತಾನಾಗಿ ನಡೆಸುತ್ತದೆ. ಹಂತಗಳನ್ನು ಬರೆಯುವ ಭಾಷೆಗೆ 'ಎಂ' ಎಂದು ಹೆಸರು.

ಈ ಹಂತಗಳಲ್ಲಿ ಮುಖ್ಯವಾದದ್ದು ಮಾದರಿಯನ್ನು ನಿಗದಿಪಡಿಸುವುದು. ಸಾದಾ ಪಠ್ಯದ ಕಡತದಲ್ಲಿರುವ 1250 ಎಂಬುದು ಯಂತ್ರದ ಪಾಲಿಗೆ ಬರಿಯ ನಾಲ್ಕು ಅಕ್ಷರಗಳ ಸಾಲು. ಅದು ಸಂಖ್ಯೆಯೆಂದು ಹೇಳಿದ ಮೇಲೆಯೇ ಕೂಡಿಸಲು, ಸರಾಸರಿ ತೆಗೆಯಲು ಸಾಧ್ಯ. ಅಂಥ ಕಡತವನ್ನು ತೆರೆದೊಡನೆ ಪವರ್ ಕ್ವೆರಿ 'ಚೇಂಜ್ಡ್ ಟೈಪ್' ಎಂಬ ಹಂತವನ್ನು ಸಾಮಾನ್ಯವಾಗಿ ತಾನೇ ಸೇರಿಸುತ್ತದೆ. ಆ ಹಂತದಲ್ಲಿ ಪ್ರತಿಯೊಂದು ಕಾಲಮ್ಮಿನ ಹೆಸರೂ ಅದರ ಮಾದರಿಯೂ ಬರೆದಿರುತ್ತವೆ. ತೊಡಕು ಹುಟ್ಟುವುದು ಇಲ್ಲಿಯೇ.

ನಮ್ಮ ರಾಜ್ಯದ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಕರ್ನಾಟಕದಲ್ಲಿ 2001ರ ಜನಗಣತಿಯ ವೇಳೆಗೆ 27 ಜಿಲ್ಲೆಗಳಿದ್ದವು. 2011ರ ವೇಳೆಗೆ ಅವು 30 ಆದವು. 2021ರಲ್ಲಿ ಬಳ್ಳಾರಿಯಿಂದ ಬೇರ್ಪಟ್ಟ ವಿಜಯನಗರ 31ನೆಯದಾಯಿತು. ಸಾಲುಗಳಲ್ಲಿ ಬೆಳೆಗಳೂ ಕಾಲಂಗಳಲ್ಲಿ ಜಿಲ್ಲೆಗಳೂ ಇರುವ ಬಿತ್ತನೆಯ ಕೋಷ್ಟಕವೊಂದಿದೆ ಎಂದುಕೊಳ್ಳಿ. 2022ರ ಕಡತದ ಮೇಲೆ ಸಿದ್ಧಪಡಿಸಿದ ಹಂತಗಳನ್ನು 2019ರ ಕಡತಕ್ಕೆ ಹಚ್ಚಿದರೆ, 'ವಿಜಯನಗರ' ಎಂಬ ಕಾಲಂ ಕೋಷ್ಟಕದಲ್ಲಿ ಸಿಗಲಿಲ್ಲವೆಂದು ಹೇಳಿ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಒಂದು ಮನೆಯಲ್ಲಿ ಸಂಖ್ಯೆಯ ಬದಲು ಅಕ್ಷರವಿದ್ದರೆ ಆ ಮನೆಯೊಂದೇ ಕೆಡುತ್ತದೆ, ಉಳಿದವು ಸರಿಯಾಗಿ ಬರುತ್ತವೆ. ಕಾಲಮ್ಮೇ ಇಲ್ಲದಿದ್ದರೆ ಹಾಗಲ್ಲ, ಇಡೀ ಹಂತವೇ ಮುರಿಯುತ್ತದೆ.

ಪರಿಹಾರಗಳನ್ನು ಒಂದೊಂದಾಗಿ ನೋಡೋಣ.

ಮೊದಲನೆಯದು ಅತಿ ಸರಳವಾದುದು. ತಾನಾಗಿ ಸೇರಿದ ಮಾದರಿಯ ಹಂತವನ್ನು ಪ್ರತಿಯೊಂದು ಕಡತದಿಂದಲೂ ಅಳಿಸಿಬಿಡಬೇಕು. ಬಳಿಕ ಕಡತಗಳನ್ನು 'ಅಪೆಂಡ್' ಎಂಬ ಕ್ರಿಯೆಯಿಂದ ಒಂದುಗೂಡಿಸಬೇಕು. ಯಾವ ಕಡತದಲ್ಲಿ ಕಾಲಂ ಇಲ್ಲವೋ ಅದರ ಸಾಲುಗಳಲ್ಲಿ ಈ ಕ್ರಿಯೆ ತಾನೇ 'ನಲ್' ಎಂಬ ಗುರುತನ್ನು ತುಂಬುತ್ತದೆ. ನಲ್ ಎಂದರೆ ಸೊನ್ನೆಯಲ್ಲ. ಬೆಲೆ ಇಲ್ಲ ಎಂದರ್ಥ. ಎಲ್ಲ ಮುಗಿದ ಮೇಲೆ ಕೊನೆಯಲ್ಲಿ ಒಮ್ಮೆ ಮಾದರಿಯನ್ನು ನಿಗದಿಪಡಿಸಿದರೆ ತೊಂದರೆಯಿಲ್ಲ.

ಎರಡನೆಯದು, ಒಂದೇ ಕಡತವನ್ನು ಬಳಸುವವರಿಗೆ. ಕಾಲಂಗಳನ್ನು ಆರಿಸುವ 'ಟೇಬಲ್.ಸೆಲೆಕ್ಟ್‌ಕಾಲಮ್ಸ್' ಎಂಬ ಸೂತ್ರಕ್ಕೆ ಕೊನೆಯಲ್ಲಿ 'ಮಿಸ್ಸಿಂಗ್‌ಫೀಲ್ಡ್.ಯೂಸ್‌ನಲ್' ಎಂದು ಸೇರಿಸಿದರೆ, ಇಲ್ಲದ ಕಾಲಮ್ಮನ್ನು ಅದು ಸೃಷ್ಟಿಸಿ ನಲ್‌ನಿಂದ ತುಂಬುತ್ತದೆ. ಅನಂತರ ಮಾದರಿಯ ಹಂತ ಸುಗಮವಾಗಿ ಸಾಗುತ್ತದೆ. ಆದರೆ ಎಚ್ಚರ ಬೇಕು. ನಾವು ಪಟ್ಟಿಯಲ್ಲಿ ಬರೆಯದ ಕಾಲಂಗಳನ್ನು ಇದು ಸದ್ದಿಲ್ಲದೆ ಬಿಟ್ಟುಬಿಡುತ್ತದೆ. 2019ರ ಪಟ್ಟಿಯನ್ನು ಹಿಡಿದು 2022ರ ಕಡತವನ್ನು ಓದಿದರೆ ಒಂದು ಜಿಲ್ಲೆಯೇ ಲೆಕ್ಕದಿಂದ ಮಾಯವಾಗುತ್ತದೆ. ತಪ್ಪಿನ ಸೂಚನೆ ಮಾತ್ರ ಬರುವುದಿಲ್ಲ.

ಮೂರನೆಯದು, ಮಾದರಿಗಳ ಪಟ್ಟಿಯನ್ನೇ ಸೋಸುವುದು. ಮಾದರಿ ಬದಲಿಸುವ 'ಟೇಬಲ್.ಟ್ರಾನ್ಸ್‌ಫಾರ್ಮ್‌ಕಾಲಮ್‌ಟೈಪ್ಸ್' ಎಂಬ ಸೂತ್ರಕ್ಕೆ ಹಳೆಯ ಆವೃತ್ತಿಗಳಲ್ಲಿ ಮೇಲೆ ಹೇಳಿದ ಮಿಸ್ಸಿಂಗ್‌ಫೀಲ್ಡಿನ ಸೌಲಭ್ಯವಿಲ್ಲ. ಅಂಥಲ್ಲಿ ಕೋಷ್ಟಕದಲ್ಲಿ ನಿಜವಾಗಿ ಇರುವ ಹೆಸರುಗಳನ್ನು 'ಟೇಬಲ್.ಕಾಲಮ್‌ನೇಮ್ಸ್' ಎಂಬುದರಿಂದ ಪಡೆದು, ನಮ್ಮ ಪಟ್ಟಿಯಲ್ಲಿ ಆ ಹೆಸರುಗಳಿಗೆ ಹೊಂದುವ ಜೋಡಿಗಳನ್ನು ಮಾತ್ರ 'ಲಿಸ್ಟ್.ಸೆಲೆಕ್ಟ್' ಮೂಲಕ ಉಳಿಸಿಕೊಂಡು, ಆ ಸೋಸಿದ ಪಟ್ಟಿಯನ್ನು ಸೂತ್ರಕ್ಕೆ ಒಪ್ಪಿಸಬೇಕು. ಇದ್ದ ಕಾಲಮ್ಮಿಗೆ ಮಾದರಿ ದೊರೆಯುತ್ತದೆ. ಇಲ್ಲದ್ದರ ಗೋಜಿಗೆ ಯಂತ್ರ ಹೋಗುವುದಿಲ್ಲ.

ಆದರೆ ಇವುಗಳಲ್ಲಿ ಯಾವುದನ್ನು ಹಿಡಿಯುವ ಮೊದಲೂ ಕಾಲಂ ಏಕೆ ಇಲ್ಲ ಎಂಬುದನ್ನು ವಿಚಾರಿಸಬೇಕೆಂದು ನನ್ನ ಅಭಿಪ್ರಾಯ. ಕೆಲವೊಮ್ಮೆ ಕಾಲಂ ಇದ್ದೇ ಇರುತ್ತದೆ, ಹೆಸರು ಮಾತ್ರ ಬೇರೆ. 2014ರ ನವೆಂಬರ್ 1ರಂದು ನಮ್ಮ 12 ನಗರಗಳ ಹೆಸರಿನ ಇಂಗ್ಲಿಷ್ ಕಾಗುಣಿತ ಬದಲಾಯಿತು; ಇಂಗ್ಲಿಷಿನ 'ಬೆಲ್ಲಾರಿ' ಅಂದಿನಿಂದ 'ಬಳ್ಳಾರಿ' ಆಯಿತು. ನಮಗೆ ಎರಡೂ ಒಂದೇ. ಯಂತ್ರಕ್ಕೆ ಎರಡು ಬೇರೆ ಕಾಲಂಗಳು. ಹೆಸರಿನ ಕೊನೆಯಲ್ಲಿ ಕಣ್ಣಿಗೆ ಕಾಣದ ಒಂದು ತೆರಪು ಉಳಿದರೂ ಹೀಗೆಯೇ. ಇಂಥಲ್ಲಿ ನಲ್ ತುಂಬುವುದು ಇದ್ದ ಮಾಹಿತಿಯನ್ನು ಹೂತುಹಾಕಿದಂತೆ. ಹೆಸರನ್ನು ತಿದ್ದುವುದೇ ಮದ್ದು.

ಇನ್ನು ಕೆಲವೊಮ್ಮೆ ಕಾಲಂ ನಿಜವಾಗಿಯೂ ಇರುವುದಿಲ್ಲ. ಆಗ ಸೊನ್ನೆಯನ್ನು ತುಂಬುವ ಆತುರ ಕೂಡದು. ವಿವರಣೆಗಾಗಿ ಕಲ್ಪಿತ ಅಂಕಿಗಳನ್ನು ತೆಗೆದುಕೊಂಡರೆ, ವಿಜಯನಗರದಲ್ಲಿ ಒಂದು ಬೆಳೆಯ ಬಿತ್ತನೆ 2022ರಲ್ಲಿ 40,000 ಹೆಕ್ಟೇರು, 2023ರಲ್ಲಿ 50,000 ಹೆಕ್ಟೇರು ಎನ್ನೋಣ. ಹಿಂದಿನ ಎರಡು ವರ್ಷಗಳಿಗೆ ನಲ್ ಇದ್ದರೆ, ಸರಾಸರಿ ತೆಗೆಯುವಾಗ ಯಂತ್ರ ಅವನ್ನು ಬಿಟ್ಟು 45,000 ಎನ್ನುತ್ತದೆ. ಸೊನ್ನೆ ಇದ್ದರೆ 22,500 ಎನ್ನುತ್ತದೆ. ಉತ್ತ ನೆಲ, ಬಿತ್ತಿದ ಬೀಜ ಎಲ್ಲವೂ ಇದ್ದರೂ ಆ ಎರಡು ವರ್ಷ ಅಲ್ಲಿ ಯಾರೂ ಬಿತ್ತಲೇ ಇಲ್ಲವೆಂದು ಕಾಗದ ಸಾರುತ್ತದೆ. ಹೊಸಪೇಟೆ, ಕೂಡ್ಲಿಗಿ, ಹೂವಿನ ಹಡಗಲಿಗಳ ರೈತರ ಬಿತ್ತನೆ ಆಗ ಬಳ್ಳಾರಿಯ ಕಾಲಮ್ಮಿನಲ್ಲಿ ಸೇರಿತ್ತು. ಹಾಗೆಯೇ 2021ರ ಅನಂತರ ಬಳ್ಳಾರಿಯಲ್ಲಿ ಬಿತ್ತನೆ ಕುಸಿಯಿತೆಂದು ಬರೆಯುವುದೂ ತಪ್ಪು. ಕುಗ್ಗಿದ್ದು ಜಿಲ್ಲೆಯ ಎಲ್ಲೆ. ಇದನ್ನು ಯಾವ ಸೂತ್ರವೂ ತಿಳಿಸಲಾರದು. ತಾಲ್ಲೂಕುಗಳ ಪಟ್ಟಿಯನ್ನು ನಾವೇ ನೋಡಬೇಕು.

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಆದರೂ ಖಾಲಿ ಕಾಲಮ್ಮಿಗೂ ಇಲ್ಲದ ಕಾಲಮ್ಮಿಗೂ ಇರುವ ಅಂತರವನ್ನು ನಮ್ಮ ತಂದೆಯವರಿಗೆ ನಾನು ಕಲಿಸಬೇಕಾಗಿಲ್ಲ. ಪಹಣಿಯ 11ನೆಯ ಕಾಲಂ ಖಾಲಿ ಇದ್ದರೆ ಜಮೀನಿನ ಮೇಲೆ ಸಾಲದ ಬೋಜಾ ದಾಖಲಾಗಿಲ್ಲವೆಂದು ಅವರು ನೆಮ್ಮದಿಯಿಂದಿರುತ್ತಾರೆ. ಆ ಕಾಲಮ್ಮೇ ಕಾಣದ ಹರಕು ಪ್ರತಿಯನ್ನು ಕೈಗಿತ್ತರೆ, ಸಾಲವಿಲ್ಲವೆಂದು ಅವರು ನಂಬುವರೇ? ಇನ್ನೊಂದು ಪ್ರತಿ ತರಿಸೆನ್ನುವರು. ಒಕ್ಕಲುತನದ ಈ ವಿವೇಕ ನಮ್ಮ ಲೆಕ್ಕದ ಹಾಳೆಗೂ ಸಲ್ಲುತ್ತದೆ.

ಆದುದರಿಂದ ಕಡತಗಳನ್ನು ಜೋಡಿಸುವ ಸಹಪಾಠಿಗಳು ಮೂರು ಕೆಲಸಗಳನ್ನು ಕ್ರಮವಾಗಿ ಮಾಡಲಿ: ಮೊದಲು ಹೆಸರುಗಳನ್ನು ಒಂದೇ ರೀತಿಗೆ ತರುವುದು; ಆಮೇಲೆ ಇಲ್ಲದ ಕಾಲಮ್ಮಿನ ಕಾರಣವನ್ನು ಅರಿಯುವುದು; ಎಲ್ಲಕ್ಕೂ ಕೊನೆಗೆ ಮಾದರಿಯನ್ನು ನಿಗದಿಪಡಿಸುವುದು. ನಲ್ ತುಂಬಿದ ಕಡೆಯಲ್ಲಿ ಕೋಷ್ಟಕದ ಕೆಳಗೆ 'ಈ ಜಿಲ್ಲೆ 2021ರಲ್ಲಿ ರಚಿತವಾಯಿತು' ಎಂಬಂಥ ಒಂದು ಸಾಲಿನ ಟಿಪ್ಪಣಿ ಬರೆದರೆ, ನಮ್ಮ ಪ್ರಬಂಧವನ್ನು ಪರಿಶೀಲಿಸುವ ಗುರುಗಳಿಗೂ, ಮುಂದೆ ಅದೇ ಕೋಷ್ಟಕವನ್ನು ಬಳಸುವ ಕಿರಿಯರಿಗೂ ದಾರಿ ತಪ್ಪುವ ಭಯವಿರುವುದಿಲ್ಲ.